ಪರದೆಯ ಹಿಂದೆ ನಿಂತ ಚೂಟಿ

ಮಕ್ಕಳ ಹಲ್ಲು, ನಿದ್ದೆ, ತೊದಲು ಮಾತು ಎಲ್ಲದರ ಬಗ್ಗೆಯೂ ನಾವು ಬೀದಿಗೆಲ್ಲ ಕೇಳುವಂತೆ ಮಾತಾಡುತ್ತೇವೆ. ಕಕ್ಕದ ಮಾತು ಬಂದರೆ ಮಾತ್ರ ದನಿ ಇಳಿಯುತ್ತದೆ. ಇವತ್ತು ದನಿ ಇಳಿಸುವುದು ಬೇಡ. ಎರಡೂವರೆ ವರ್ಷದ ಒಂದು ಮಗು ಐದು ದಿನದಿಂದ ಕಕ್ಕ ಮಾಡಿಲ್ಲ, ಮನೆಯವರಿಗೆ ಊಟ ಸೇರುತ್ತಿಲ್ಲ. ಅದರ ಕಥೆ ಇದು.

ಮಗುವಿಗೆ ಏನೋ ಉದ್ದನೆಯ ಹೆಸರಿದೆ, ಎಲ್ಲರೂ ಕರೆಯುವುದು ಚೂಟಿ ಅಂತ. ಅಪ್ಪ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ, ಬರುವಾಗ ಬನ್ನು, ಬಿಸ್ಕತ್ತು ಹಿಡಿದೇ ಬರುತ್ತಾನೆ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮುಂದಿನ ಕೋಣೆಯೇ ತಾತನ ಗಡಿಯಾರ ರಿಪೇರಿ ಅಂಗಡಿ. ಗೋಡೆ ತುಂಬ ಗಡಿಯಾರಗಳು. ಅವುಗಳಲ್ಲಿ ಯಾವುದಾದರೂ ಎರಡು ನಿಮಿಷ ಹಿಂದೆ ಬಿದ್ದರೂ ತಾತನಿಗೆ ಸಮಾಧಾನವಿಲ್ಲ. ಮನುಷ್ಯರ ವಿಷಯದಲ್ಲೂ ಅವರು ಹಾಗೆಯೇ, ಸ್ವಲ್ಪ ಅತಿ ಎನ್ನಿ.

ಎರಡು ತಿಂಗಳ ಹಿಂದೆ ಚೂಟಿಗೆ ಕಕ್ಕ ಗಟ್ಟಿಯಾಗಿ ತುಂಬ ನೋವಾಯಿತು. ಮಾರನೆಯ ದಿನವೇ ತಾತ ಒಂದು ನಿಯಮ ಮಾಡಿದರು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮಗುವನ್ನು ದೊಡ್ಡವರ ಕಮೋಡಿನ ಮೇಲೆ ಕೂರಿಸುವುದು, ಕೆಲಸ ಮುಗಿಯುವ ತನಕ ಇಳಿಸದಿರುವುದು. ಮಗು ಕಾಲು ನೇತಾಡಿಸಿಕೊಂಡು ಮುಕ್ಕಾಲು ಗಂಟೆ ಅತ್ತು ಅತ್ತು ಸುಸ್ತಾಗುತ್ತಿತ್ತು. ಮೂರು ದಿನ ದಾಟಿದರೆ ಸೋಪಿನ ಚೂರು ಬೇರೆ ಗುದದೊಳಗೆ ಇಡುತ್ತಿದ್ದರು. ಆಮೇಲಾಮೇಲೆ ಸೋಪಿನ ಡಬ್ಬಿ ಕಂಡರೆ ಸಾಕು, ಮಗು ಸ್ನಾನಕ್ಕೂ ಬರಲೊಲ್ಲದು.

ಮೊದಲೆಲ್ಲ ತಾತನ ಹೆಗಲಿನಿಂದ ಕೆಳಗಿಳಿಯದಿದ್ದ ಮಗು ಈಗ ಅವರು ಕೈ ಚಾಚಿದರೆ ಅಮ್ಮನ ಹೊಲಿಗೆ ಮೆಷಿನ್ನಿನ ಕೆಳಗೆ ನುಗ್ಗುತ್ತಿತ್ತು. ತಾತ ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ಇದು ನುಂಗಲಾರದ ತುತ್ತಾಗಿತ್ತು.

ಅಂಥ ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಕೈಗಡಿಯಾರ ಹಿಡಿದುಕೊಂಡು ಅಂಗಡಿಗೆ ಬಂದರು.

"ಸೆಕೆಂಡಿನ ಮುಳ್ಳು ನಿಂತುಬಿಟ್ಟಿದೆ ತಾತ. ನಾಡಿ ನೋಡೋಕೆ ಇದೇ ಬೇಕು ನಂಗೆ."

ತಾತ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚಿದರು. ಅಷ್ಟರಲ್ಲಿ ಬಾಗಿಲ ಪರದೆ ಅಲುಗಾಡಿತು. ಪರದೆಯ ಕೆಳಗೆ ಎರಡು ಪುಟ್ಟ ಪಾದಗಳು, ತುದಿಗಾಲಿನ ಮೇಲೆ ನಿಂತು ನಡುಗುತ್ತಿವೆ. ನರ್ಸಮ್ಮ ಮೆಲ್ಲಗೆ ಪರದೆ ಸರಿಸಿ ನೋಡಿದರು. ಚೂಟಿ ಕಾಲಿಗೆ ಕಾಲು ಹೆಣೆದುಕೊಂಡು, ಪರದೆಯನ್ನು ಮುಷ್ಟಿಯಲ್ಲಿ ಹಿಡಿದು, ಮುಖ ಕೆಂಪು ಮಾಡಿಕೊಂಡು ನಿಂತಿದ್ದಳು.

"ನೋಡಿ, ಪಾಪ, ಎಷ್ಟು ತಿಣುಕ್ತಾಳೆ," ಅಂದರು ತಾತ. "ಆದ್ರೂ ಬರಲ್ಲ. ಐದು ದಿನ ಆಯ್ತು."

"ತಿಣುಕ್ತಾ ಇಲ್ಲ ತಾತ. ಬರ್ತಿರೋದನ್ನ ಬಿಗಿ ಹಿಡೀತಿದಾಳೆ."

"ಹಿಡಿಯೋದಾ? ಯಾಕೆ ಹಿಡೀತಾಳೆ?"

"ಮಾಡಿದ್ರೆ ನೋವಾಗತ್ತೆ ಅನ್ನೋ ಭಯ. ಹಿಡಿದಷ್ಟೂ ಒಳಗಡೆ ಒಣಗಿ ಗಟ್ಟಿ ಆಗತ್ತೆ. ಗಟ್ಟಿ ಆದಷ್ಟೂ ನೋವು. ಮತ್ತೆ ಹಿಡೀತಾಳೆ."

ಮೆಷಿನ್ನಿನ ಸದ್ದು ನಿಂತಿತು. ತಾತನ ಸೊಸೆ, ಚೂಟಿಯ ಅಮ್ಮ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು.

"ಆದ್ರೆ ಅಕ್ಕ, ನಿನ್ನೆಯಿಂದ ಚಡ್ಡೀಲಿ ನೀರು ನೀರಾಗಿ ಸೋರ್ತಿದೆಯಲ್ಲ. ಭೇದಿ ಶುರುವಾಯ್ತು ಅಂತ ಮಾವ ಹಣ್ಣು, ನೀರು ಎರಡೂ ಬೇಡ ಅಂದ್ರು. ಬರೀ ಬಿಸ್ಕತ್ತು ಕೊಟ್ಟಿದೀನಿ."

ನರ್ಸಮ್ಮನಿಗೆ ಬೈಯಬೇಕು ಅನ್ನಿಸಿರಬಹುದು, ಬೈಯಲಿಲ್ಲ. ನೆಲದ ಮೇಲೆ ಚೂಟಿಯ ಪಕ್ಕದಲ್ಲೇ ಕೂತರು.

"ಅದು ಭೇದಿ ಅಲ್ಲಮ್ಮ. ಗಟ್ಟಿ ಕಕ್ಕ ದಾರಿಗೆ ಅಡ್ಡ ಕೂತಿರತ್ತೆ, ಅದರ ಪಕ್ಕದಿಂದ ನೀರಿನ ಹಾಗಿರೋದು ಜಾರಿ ಬರತ್ತೆ. ಮಗೂಗೆ ಗೊತ್ತೇ ಆಗಲ್ಲ. ಅದಕ್ಕೆ ಬೈಬಾರ್ದು, ಭೇದಿ ನಿಲ್ಲಿಸೋ ಔಷಧಿ ಕೊಡಬಾರ್ದು. ನೀರು ನಿಲ್ಲಿಸಲೇಬಾರ್ದು."

ತಾತ ಮಸೂರ ತೆಗೆದರು. "ನೀವು ಓದಿದೋರು, ಹೇಳ್ತೀರಿ. ನಮ್ಮ ಕಾಲದಲ್ಲಿ ಇಷ್ಟೆಲ್ಲ ಇತ್ತಾ? ಹೊತ್ತಿಗೆ ಸರಿಯಾಗಿ ಕೂರಿಸಿದ್ರೆ ಮಕ್ಕಳು ತಾವೇ ದಾರಿಗೆ ಬರ್ತಿದ್ರು."

"ಈ ಮುಳ್ಳು ನಿಂತಿದೆಯಲ್ಲ ತಾತ, ಬೆರಳಲ್ಲಿ ತಳ್ಳಿಬಿಡಿ ಮತ್ತೆ."

"ತಳ್ಳಿದ್ರೆ ಚಕ್ರದ ಹಲ್ಲು ಮುರಿಯತ್ತೆ," ಅಂದರು ತಾತ. ಆಮೇಲೆ ಗೊತ್ತಾಗಿ ಹುಬ್ಬು ಗಂಟಿಕ್ಕಿದರು. "ನನ್ನ ಮೊಮ್ಮಗಳನ್ನ ಗಡಿಯಾರ ಮಾಡ್ತೀರಾ?"

"ನಾನಲ್ಲಪ್ಪ. ಏಳು ಗಂಟೆಗೆ ಕೀ ಕೊಟ್ಟು ಕೂರಿಸ್ತಿರೋದು ಯಾರು?"

ಸೊಸೆ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ತಾತ ನಗಲಿಲ್ಲ. ಚೂಟಿಯ ಕಡೆ ನೋಡಿದರು. ಅವಳು ಅಮ್ಮನ ಸೀರೆಯ ಹಿಂದೆ ಸರಿದಳು. "ನನ್ನನ್ನ ಕಂಡ್ರೆ ಓಡ್ತಾಳೆ," ಅಂದರು ತಾತ. "ಒಳ್ಳೇದಾಗ್ಲಿ ಅಂತಲೇ ಮಾಡಿದ್ದು."

"ಗೊತ್ತು ತಾತ. ಈಗ ಬೇರೆ ಥರ ಮಾಡೋಣ. ಸೋಪು ಇವತ್ತಿಗೇ ಸಾಕು, ಅದು ಒಳಗಡೆ ಉರಿ ಮಾಡತ್ತೆ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಡಾಕ್ಟರಮ್ಮ ನೋಡ್ಲಿ."

ಮಾರನೆಯ ದಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಮ್ಮ ಚೂಟಿಯ ಹೊಟ್ಟೆ ಮುಟ್ಟಿ ನೋಡಿದರು. ಎಡಗಡೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಏನೇನು ತಿನ್ನುತ್ತಾಳೆ ಎಂದು ಕೇಳಿದಾಗ ಸೊಸೆ ತಲೆ ತಗ್ಗಿಸಿದಳು. ಹೊಲಿಗೆ ಮುಗಿಯುವ ತನಕ ಸುಮ್ಮನಿರಲಿ ಎಂದು ದಿನಕ್ಕೆ ಐದು ಬಾಟಲಿ ಹಾಲು ಕೊಡುತ್ತಿದ್ದಳು. ಜೊತೆಗೆ ಬನ್ನು, ಬಿಸ್ಕತ್ತು. ಹಾಲಿನಲ್ಲೇ ಹೊಟ್ಟೆ ತುಂಬಿದರೆ ತರಕಾರಿ ಯಾರಿಗೆ ಬೇಕು?

"ಹಾಲು ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಬಾಟಲಿ ಬಿಡಿಸಿ," ಅಂದರು ಡಾಕ್ಟರಮ್ಮ. "ಆಗಾಗ ನೀರು ಕುಡಿಸಿ. ಸಿಪ್ಪೆ ಸಮೇತ ಬೇಯಿಸಿದ ತರಕಾರಿ, ಬೇಳೆ, ಪಪ್ಪಾಯಿ, ಕಿತ್ತಳೆ ಕೊಡಿ. ಆದ್ರೆ ಈಗ ಒಳಗಿರೋ ಗಟ್ಟಿ ಬರೀ ಹಣ್ಣಿಗೆ ಕರಗಲ್ಲ. ಈ ಸಿರಪ್ಪು ಕಕ್ಕಾನ ಮೆತ್ತಗೆ ಮಾಡತ್ತೆ. ನಾನು ಬರೆದಷ್ಟೇ, ದಿನಾ ಕೊಡ್ಬೇಕು. ಮೊದಲ ಒಂದೆರಡು ದಿನ ಸೋರೋದು ಜಾಸ್ತಿ ಆಗಬಹುದು, ಹೆದರಿ ಬಿಡಬೇಡಿ. ನನ್ನನ್ನ ಕೇಳದೆ ನಿಲ್ಲಿಸಲೂಬೇಡಿ."

ಕೂರಿಸುವ ಬಗೆಯನ್ನು ನರ್ಸಮ್ಮ ತೋರಿಸಿಕೊಟ್ಟರು. ಊಟ ಆಗಿ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿಯೇ ಕೆಲಸ ಶುರು ಮಾಡುತ್ತದೆ, ಆಗ ಐದು ನಿಮಿಷ ಕೂರಿಸಿದರೆ ಸಾಕು. ಕಮೋಡಿನ ಮೇಲೆ ಮಕ್ಕಳ ಸಣ್ಣ ಸೀಟು, ಪಾದ ಊರಲು ಕೆಳಗೆ ಮಣೆ. ಬಂದರೂ ಸರಿ, ಬರದಿದ್ದರೂ ಸರಿ, ಕೂತದ್ದಕ್ಕೇ ಶಹಬ್ಬಾಸ್ ಅನ್ನಬೇಕು. ಅಳು ಬಂದರೆ ಇಳಿಸಿಬಿಡಬೇಕು.

ಸಿರಪ್ಪು ಶುರುವಾದ ಮೂರನೆಯ ದಿನ ಒಳಗಿದ್ದದ್ದೆಲ್ಲ ಹೊರಗೆ ಬಂತು. ಚೂಟಿ ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ತಿಂದಳು. ಮನೆಯವರಿಗೆ ಹೋದ ಜೀವ ಬಂದಂತಾಯಿತು. ಒಂಬತ್ತು ದಿನ ಎಲ್ಲ ಸುಸೂತ್ರ.

ಹತ್ತನೆಯ ದಿನ ತಾತನ ತಲೆಗೆ ಹುಳ ಹೊಕ್ಕಿತು. ಮಗು ಚೆನ್ನಾಗಿದೆಯಲ್ಲ, ಔಷಧಿ ಅಭ್ಯಾಸವಾಗಿಬಿಟ್ಟರೆ? ಯಾರಿಗೂ ಹೇಳದೆ ಸಿರಪ್ಪಿನ ಬಾಟಲಿಯನ್ನು ತಮ್ಮ ಅಂಗಡಿಯ ಡ್ರಾಯರಿನಲ್ಲಿಟ್ಟರು. ಸೊಸೆ ಕೇಳಿದಾಗ "ನೀರಲ್ಲಿ ಬೆರೆಸಿಟ್ಟೆ, ಕುಡಿದ್ಲು" ಅಂದರು. ಔಷಧಿ ನಿಂತ ಐದನೆಯ ದಿನ ಚೂಟಿ ಮತ್ತೆ ಪರದೆಯ ಹಿಂದೆ, ಮತ್ತೆ ತುದಿಗಾಲಿನ ಮೇಲೆ.

ತಾತನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು, ಚಪ್ಪಲಿ ಹಾಕಲೂ ಮರೆತು, ಬಾಟಲಿ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೆ ನಡೆದರು.

"ತಪ್ಪು ನಂದು ತಾಯಿ," ಅಂದರು ನರ್ಸಮ್ಮನಿಗೆ. "ವಾಸಿ ಆಯ್ತು ಅಂದ್ಕೊಂಡೆ."

"ಎಷ್ಟೋ ಮನೇಲಿ ಹೀಗೇ ಆಗತ್ತೆ ತಾತ. ಗಟ್ಟಿ ಕಕ್ಕ ತುಂಬಿ ಹಿಗ್ಗಿಹೋದ ಕರುಳು ಮೊದಲಿನ ಹಾಗೆ ಆಗೋಕೆ ತಿಂಗಳುಗಟ್ಟಲೆ ಬೇಕು. ಅವಳ ಭಯ ಹೋಗೋಕೂ ಅಷ್ಟೇ ಬೇಕು. ಈ ಔಷಧಿ ಅಭ್ಯಾಸ ಆಗಲ್ಲ. ನಿಲ್ಲಿಸೋ ಕಾಲ ಬಂದಾಗ ಡಾಕ್ಟರಮ್ಮನೇ ಸ್ವಲ್ಪ ಸ್ವಲ್ಪವಾಗಿ ಕಮ್ಮಿ ಮಾಡಿಸ್ತಾರೆ."

"ನನ್ನ ಹತ್ರ ಬರ್ತಾಳಾ ಮತ್ತೆ?"

"ನೀವು ಕಾಯಿರಿ. ಅವಳೇ ಬರ್ತಾಳೆ."

ಡಾಕ್ಟರಮ್ಮನ ಮಾತಿನಂತೆ ಸಿರಪ್ಪು ಮತ್ತೆ ಶುರುವಾಯಿತು. ತಾತ ಕಾದರು. ಬೇರೆ ಎಲ್ಲದಕ್ಕೂ ಹೊತ್ತು ನೋಡುವ ಮನುಷ್ಯ ಇದಕ್ಕೆ ಮಾತ್ರ ನೋಡಲಿಲ್ಲ. ಪಪ್ಪಾಯಿ ಹೆಚ್ಚಿ ತಟ್ಟೆಯಲ್ಲಿಟ್ಟು ಸುಮ್ಮನೆ ಪಕ್ಕಕ್ಕೆ ಸರಿಯುತ್ತಿದ್ದರು. ಚೂಟಿ ಅಮ್ಮನ ಜೊತೆ ಬಚ್ಚಲಿಗೆ ಹೋದರೆ ಇವರು ಹೊರಗೆ ಕೂತು ಕಾಗೆ, ಬೆಕ್ಕು, ಲಾರಿ ಎಲ್ಲದರ ಹಾಗೂ ಕೂಗಿ ನಗಿಸುತ್ತಿದ್ದರು. ಆ ಲಾರಿಯ ಸದ್ದಿಗೆ ಪಕ್ಕದ ಮನೆಯವರೂ ಇಣುಕಿ ನೋಡಿದ್ದುಂಟು.

ಸುಮಾರು ಒಂದೂವರೆ ತಿಂಗಳು ಕಳೆದಿರಬೇಕು. ಮಧ್ಯಾಹ್ನದ ಊಟವಾಗಿತ್ತು. ಅಂಗಡಿಯಲ್ಲಿ ಗಿರಾಕಿಯೊಬ್ಬರು ಅವಸರ ಮಾಡುತ್ತಾ ನಿಂತಿದ್ದರು. ಯಾರೋ ತಾತನ ಅಂಗಿ ಜಗ್ಗಿದ ಹಾಗಾಯಿತು. ತಿರುಗಿದರೆ ಚೂಟಿ.

"ತಾತ, ಕಕ್ಕ ಬಂತು. ನೀನು ಬಾ."

"ಒಂದೈದು ನಿಮಿಷ ಇರಿ ಸ್ವಾಮಿ, ತುರ್ತು ಕೆಲಸ," ಅಂದು ತಾತ ಎದ್ದೇಬಿಟ್ಟರು. ಬಚ್ಚಲಿನಲ್ಲಿ ಚೂಟಿ ಮಣೆಯ ಮೇಲೆ ಪಾದ ಊರಿ, ತಾತನ ತೋರುಬೆರಳು ಹಿಡಿದು ಕೂತಳು. ತಾತ ಉಸಿರು ಬಿಗಿಹಿಡಿದು ಕೂತರು. ಸ್ವಲ್ಪ ಹೊತ್ತಾದ ಮೇಲೆ ಅವಳು ಅವರ ಮುಖ ನೋಡಿ, "ನೋವಾಗಿಲ್ಲ ತಾತ," ಅಂದಳು.

ತಾತ ಅವಳ ಬೆನ್ನು ತಟ್ಟಿ ಶಹಬ್ಬಾಸ್ ಅಂದರು. ತೊಳೆದು, ಒರೆಸಿ, ಹೆಗಲಿಗೇರಿಸಿಕೊಂಡು ಹೊರಗೆ ಬಂದರು. ಗಿರಾಕಿಯ ಎದುರೇ ಕಣ್ಣೊರೆಸಿಕೊಂಡರು, ನಾಚಿಕೆಪಡಲಿಲ್ಲ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮಗುವೂ ಕಾಲು ಹೆಣೆದುಕೊಂಡು ಮೂಲೆ ಹುಡುಕುತ್ತಿದೆಯೇ? ಅದಕ್ಕೆ ಹಟಮಾರಿ ಎಂಬ ಹೆಸರು ಕಟ್ಟಬೇಡಿ. ಅದು ಹೆದರಿದೆ. ಗದರಬೇಡಿ, ಸೋಪು ಇಡಬೇಡಿ, ಡಾಕ್ಟರನ್ನು ಕೇಳದೆ ಅಂಗಡಿಯಿಂದ ಔಷಧಿ ತಂದು ಕುಡಿಸಬೇಡಿ. ನೀರು, ಹಣ್ಣು, ತರಕಾರಿ ಕೊಡಿ, ಹಾಲು ಮಿತವಾಗಿರಲಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಹೊಟ್ಟೆ ಉಬ್ಬಿ ವಾಂತಿಯಾದರೆ, ಕಕ್ಕದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಸೊರಗುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನ ಕೊಡಿ. ಆಮೇಲೆ ಮಗುವಿನ ಪಕ್ಕ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಅದಕ್ಕೆ ಧೈರ್ಯ ಬರುವುದು ನಿಮ್ಮಿಂದಲೇ.