ಚಂಪಿಯ ಎಡಗಣ್ಣು

ಎತ್ತಿನ ಕಣ್ಣಿಗೆ ಹೂ ಬಿದ್ದರೆ, ಅಂದರೆ ಬಿಳಿ ಪೊರೆ ಕಟ್ಟಿದರೆ, ತಂಬಾಕು ಅಗಿದು ರಸ ಉಗುಳುವುದು ನಮ್ಮ ಮನೆಯ ಹಳೆಯ ಔಷಧ. ನಾಯಿ ಚಂಪಿಯ ಎಡಗಣ್ಣು ಮಂಜಾದಾಗ ಹಾಗೇ ಮಾಡು ಅಂದವರು ನನ್ನ ಗಂಡನ ಅಣ್ಣ, ಬಾವ ದೊಡ್ಡಬಸಪ್ಪ. ಒಂದು ತಿಂಗಳು ದಿನಾ ಮುಂಜಾನೆ ಅದರ ತಲೆಯನ್ನು ಮೊಣಕಾಲ ನಡುವೆ ಹಿಡಿದು ಉಗುಳಿದೆ. ಒದ್ದಾಡಿತು, ಒಮ್ಮೆಯೂ ಕಚ್ಚಲಿಲ್ಲ. ಕಣ್ಣು ಉಬ್ಬುತ್ತ ಲಿಂಬೆಕಾಯಿಯಷ್ಟಾಯಿತು.

ಕೊನೆಗೆ ಚಂಪಿಯನ್ನು ಗೋಣಿಚೀಲದಲ್ಲಿ ಕೂರಿಸಿಕೊಂಡು ಯಲಬುರ್ಗಾದಿಂದ ಕೊಪ್ಪಳದ ಬಸ್ಸು ಹತ್ತಿದೆ. ಕಂಡಕ್ಟರ್ ಗೊಣಗಿದ, ನಾನು ಅವನಿಗಿಂತ ಜೋರಾಗಿ ಗೊಣಗಿದೆ. ದನದ ಡಾಕ್ಟರು ಕವಿತಾ ಬ್ಯಾಟರಿ ಬಿಟ್ಟು ನೋಡಿ, ಇದು ಹೂವಲ್ಲ, ಕಣ್ಣೊಳಗೆ ಗಡ್ಡೆ ಬೆಳೆದಿದೆ, ಮೈಗೆ ಹಬ್ಬುವ ಮೊದಲು ಕಣ್ಣೇ ತೆಗೆಯಬೇಕು ಅಂದರು. ಗಡ್ಡೆ ತಂಬಾಕಿನಿಂದ ಬಂದದ್ದಲ್ಲವಂತೆ. ಆದರೆ ಉರಿ ಕೊಟ್ಟವಳು ನಾನು, ತಿಂಗಳು ಕಳೆದವಳೂ ನಾನು. ಕಣ್ಣು ತೆಗೆಸಿದೆ.

ಹೊಲಿಗೆ ಒಣಗುವ ಹೊತ್ತಿಗೆ ಬಾವನ ಮಗಳು ಶೈಲಜಾಳನ್ನು ನೋಡಲು ಕುಷ್ಟಗಿಯವರು ಬರುವುದು ಗೊತ್ತಾಯಿತು. ಒಕ್ಕಣ್ಣಿನ ನಾಯಿ ಬಾಗಿಲಲ್ಲಿದ್ದರೆ ಅಪಶಕುನ, ಹೇಮಗುಡ್ಡಕ್ಕೆ ಬಿಟ್ಟು ಬರೋಣ, ಗುಡಿಗೆ ಬಂದವರು ಅನ್ನ ಹಾಕುತ್ತಾರೆ ಎಂದು ಬಾವ ಟಂಟಂ ಆಟೋ ಹೇಳಿಟ್ಟರು. ಅಲ್ಲಿಯ ನಾಯಿಗಳ ನಡುವೆ ಅದು ಎರಡು ದಿನವೂ ಬದುಕುವುದಿಲ್ಲ. ಅದು ಅವರಿಗೂ ಗೊತ್ತಿತ್ತು.

"ಮದುವಿ ಮಾತು ಐತಿ, ಪಾರವ್ವ. ನಾಯಿ ಸಲುವಾಗಿ ಹಠ ಹಿಡೀಬ್ಯಾಡ" ಅಂದರು.

"ಉಗುಳು ಅಂದವ್ರು ನೀವು, ಉಗುಳಿದಾಕಿ ನಾನು. ಬಿಡೂದಾದ್ರ ಮೂವರನ್ನೂ ಬಿಟ್ಟು ಬರಾಕ ಹೇಳ್ರಿ. ಟಂಟಂದಾಗ ನೀವು ಮುಂದ ಕುಂದರ್ರಿ."

ಒಳಗಿನಿಂದ ಶೈಲಜಾ ನಕ್ಕದ್ದು ಕೇಳಿಸಿತು. ಬಾವ ಹಲ್ಲು ಕಡಿದು, ಟಂಟಂ ಬೇಡವೆಂದು ಹೇಳಿ ಕಳಿಸಿದರು.

ಕುಷ್ಟಗಿಯವರು ಬಂದ ದಿನ ನಾನು ಚಂಪಿಯನ್ನು ಹಿತ್ತಲಲ್ಲಿ ಕಟ್ಟಲಿಲ್ಲ. ಹೊಸ್ತಿಲ ಬದಿಗೆ ಕುಳಿತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಹೊಲಿಗೆಯ ಮಗ್ಗುಲು ಬೀದಿಗೆ ಕಾಣುವಂತೆ. ಅದರ ಮೈ ಬಾಗಿಲಿಗೆ ಅಡ್ಡವಾಗಿತ್ತು. ಹುಡುಗನ ತಾಯಿ ನಿಂತು, ಕಣ್ಣಿಗೆ ಏನಾಗಿದೆ ಎಂದು ಕೇಳಿದಳು. ಮಾತು ಮರೆಸಲು ಬಾವ ಮಳೆಯ ಸುದ್ದಿ ತೆಗೆದರು.

"ಗಡ್ಡಿ ಬೆಳದಿತ್ರಿ. ತಿಳೀದ ತಂಬಾಕು ಉಗುಳಿ ತಿಂಗಳ ಕಳದ್ವಿ. ಈಗ ತಗಸೀನಿ" ಅಂದೆ. "ಇದು ಈ ಮನಿ ನಾಯಿ, ಇಲ್ಲೇ ಇರತೈತಿ. ಒಳಗ ಬರ್ರಿ, ಇಲ್ಲಂದ್ರ ಹೊಳ್ಳಿ ಹೋಗ್ರಿ."

ಆಕೆ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ನಾನು ಸರಿಯಲಿಲ್ಲ. ಚಂಪಿಯೂ ಸರಿಯಲಿಲ್ಲ. ಕೊನೆಗೆ ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದು, ಅದರ ಬಾಲ ತುಳಿಯದಂತೆ ದಾಟಿ ಒಳಗೆ ಹೋದಳು.

ಹಿಂದೆಯೇ ಬಾವ ಬಂದರು. ಅವರೂ ದಾಟಿಯೇ ಹೋಗಬೇಕಾಯಿತು.