ಗೋಡೆಗೆ ಬಡಿಸಿದ ತಟ್ಟೆ

ಬಸ್ ನಿಲ್ದಾಣದ ಗೋಡೆಯ ಮುಂದೆ ಬೀದಿಯವರೆಲ್ಲ ಸೇರಿದ್ದರು. ಅಟ್ಟಣಿಗೆಯ ಮೇಲೆ ನಿಂತ ಹುಡುಗಿ ಸ್ಪಂಜನ್ನು ನೀರಿಗದ್ದಿ ಗೋಡೆಯ ಮೇಲಿನ ಕಾಗದವನ್ನು ನೆನೆಸುತ್ತಿದ್ದಳು. ಮೊಸಾಯಿಕ್ ಕಲಿಯಲು ಬಂದ ಮೇಲೆ ಅವಳಿಗೆ ಸಿಕ್ಕ ಮೊದಲ ವಿನ್ಯಾಸ, ಹಕ್ಕಿಯ ಈ ರೆಕ್ಕೆ. ಪಿಂಗಾಣಿ ಚೂರುಗಳನ್ನು ಮುಖ ಕೆಳಗಾಗಿ ಕಾಗದಕ್ಕೆ ಅಂಟಿಸಬೇಕು. ಆ ಹಾಳೆಯನ್ನು ಹಸಿ ಗಾರೆಗೆ ಒತ್ತಬೇಕು. ಕಾಗದ ಸುಲಿದ ಮೇಲಷ್ಟೇ ಚಿತ್ರದ ಮುಖ ಕಾಣುವುದು. ಬೆಳಿಗ್ಗೆ ಅವಳು ಬರುವ ಮೊದಲೇ ಗುರುಗಳು ಬಂದು ಹಾಳೆಗಳನ್ನು ಒತ್ತಿಸಿದ್ದರು.

ಚೂರುಗಳಿಗಾಗಿ ಅವಳು ಬುಟ್ಟಿ ಹಿಡಿದು ಮನೆಮನೆ ತಿರುಗಿದ್ದಳು. ಒಡೆದ ಕಪ್ಪು-ಬಸಿ ಕೊಟ್ಟವರಿಗೆಲ್ಲ, "ನಿಮ್ಮನೇದೂ ಗೋಡೇಲಿರತ್ತೆ" ಎಂದು ಮಾತು ಕೊಟ್ಟಿದ್ದಳು. ದೊಡ್ಡಮ್ಮನ ಮನೆಯಲ್ಲಿ ಒಡೆದದ್ದೇನೂ ಇರಲಿಲ್ಲ. ಆಕೆ ತನ್ನ ಮೊದಲ ಸಂಬಳದಲ್ಲಿ ಕೊಂಡ, ಅಂಚಿಗೆ ಹಳದಿ ಹೂವಿದ್ದ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ, ತಾನೇ ಸುತ್ತಿಗೆಯಿಂದ ಒಡೆದು ಕೊಟ್ಟಿದ್ದಳು.

"ನೆಂಟರಿಗೂ ಇದರಲ್ಲಿ ಬಡಿಸಿಲ್ಲ ಕಣೆ. ಗೋಡೆಗೆ ಬಡಿಸ್ತಿದೀನಿ."

ಕಾಗದ ಸುಲಿಯಿತು. ರೆಕ್ಕೆ ಹೊಳೆಯಿತು. ಎಲ್ಲವೂ ಒಂದೇ ಅಳತೆಯ ಗಾಜು, ಕಾರ್ಖಾನೆಯದು. ಇನ್ನೊಂದು ಹಾಳೆ ಸುಲಿದಳು. ಮತ್ತೊಂದು. ಹಳದಿ ಹೂವು ಎಲ್ಲೂ ಇಲ್ಲ.

"ನಂದೆಲ್ಲೇ?" ದೊಡ್ಡಮ್ಮ ಕೆಳಗಿನಿಂದ ಕೇಳಿದಳು.

ಹುಡುಗಿ ಮತ್ತೆ ರೆಕ್ಕೆಯುದ್ದಕ್ಕೂ ಕಣ್ಣಾಡಿಸಿದಳು. ಗುರುಗಳು ಮುಂದೆ ಬಂದು, ಕೈಗೆಟಕುವ ರೆಕ್ಕೆಯ ತುದಿಯನ್ನು ತೋರಿಸಿದರು. "ಅಗೋ ತಾಯಿ, ಆ ಹಳದೀದು ನಿಮ್ದೇ."

ದೊಡ್ಡಮ್ಮ ಅದನ್ನು ಸವರಿದಳು. "ಗೋಡೆ ಸೇರಿ ಬಣ್ಣ ಬಂದಿದೆ ಇದಕ್ಕೆ. ನಂಗೆ ಮಾತ್ರ ಬರ್ಲಿಲ್ಲ." ಸುತ್ತ ನಿಂತವರು ನಕ್ಕರು.

ಸಂಜೆ ಗುರುಗಳ ಕಾರ್ಯಾಗಾರದ ಹಿಂದೆ, ಕಸದ ಚೀಲದಲ್ಲಿ ಹುಡುಗಿ ಚೂರು ಅಂಟಿಸಿದ್ದ ಹಾಳೆಗಳು ಮಡಚಿಕೊಂಡು ಬಿದ್ದಿದ್ದವು.

"ಊಟದ ತಟ್ಟೆ ನೀರು ಕುಡಿಯತ್ತಮ್ಮ," ಎಂದರು ಗುರುಗಳು. "ನಾಲ್ಕು ಮಳೆಗೆ ಸಿಪ್ಪೆ ಏಳತ್ತೆ. ಆಗ ಬೈಸ್ಕೊಳ್ಳೋನು ನಾನು."

"ಇದು ಮೊದ್ಲೇ ಗೊತ್ತಿತ್ತಾ ಸರ್?"

"ಗೊತ್ತಿತ್ತು."

"ಮತ್ತೆ ನನ್ನನ್ಯಾಕೆ ಬುಟ್ಟಿ ಕೊಟ್ಟು ಕಳಿಸಿದ್ರಿ?"

ಗುರುಗಳು ಕೈ ಒರೆಸಿಕೊಂಡರು. "ಏನಾದ್ರೂ ಕೊಟ್ರೆ ಗೋಡೆ ತಮ್ದು ಅನ್ಕೋತಾರೆ ಜನ. ಉಗಿಯಲ್ಲ, ಗೀಚಲ್ಲ. ನಾನು ಹೋಗಿದ್ರೆ ಕೊಡ್ತಿದ್ರಾ? ನಿನ್ನ ಮುಖ ನೋಡಿ ಕೊಟ್ರು. ಈಗ ಖುಷಿಯಾಗೇ ಹೋದ್ರಲ್ಲ, ಯಾರಿಗೇನು ನಷ್ಟ? ಮುಂದಿನ ಗೋಡೆಗೂ ನೀನೇ ಹೋಗು. ಅದರ ಪೂರ್ತಿ ವಿನ್ಯಾಸ ನಿಂದೇ."

ಈ ಒಂದು ಮಾತಿಗಾಗಿ ಅವಳು ಇಷ್ಟು ದಿನ ಗಾರೆ ಕಲಸಿದ್ದಳು. ಈಗ ಅದು ತುತ್ತಿನಲ್ಲಿ ಸಿಕ್ಕ ಕಲ್ಲಿನಂತಿತ್ತು. ಹಾಳೆಗಳನ್ನು ಹೊರಗೆಳೆದು, ಅದೇ ಸ್ಪಂಜಿನಿಂದ ನೆನೆಸಿ, ಚೂರುಗಳನ್ನು ಬಿಡಿಸಿ ಬುಟ್ಟಿಗೆ ಹಾಕಿಕೊಂಡಳು.

"ಬುದ್ಧಿ ಇದೆಯಾ ನಿನಗೆ? ಇದನ್ನ ವಾಪಸ್ ಕೊಟ್ರೆ ಆಮೇಲೆ ಯಾವ ಬೀದೀಲೂ ನಮ್ಮನ್ನ ನಂಬಲ್ಲ."

"ನಂಬಬಾರ್ದು ಸರ್," ಎಂದು ಅವಳು ಹೊರಟಳು.

ಮೊದಲ ಬಾಗಿಲು ದೊಡ್ಡಮ್ಮನದು. ಹಳದಿ ಹೂವಿನ ಚೂರುಗಳನ್ನು ಕಂಡು ಆಕೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಹಾಗಾದ್ರೆ ಅಲ್ಲಿರೋದು?"

"ನಿಂದಲ್ಲ ದೊಡ್ಡಮ್ಮ. ಯಾರದೂ ಅಲ್ಲ."

"ನೀನು ಸುಮ್ನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೌದು."

ದೊಡ್ಡಮ್ಮ ತನ್ನ ಚೂರುಗಳನ್ನು ಒಂದೊಂದಾಗಿ ಆರಿಸಿ ಒಳಗಿಟ್ಟು ಬಂದಳು. ಚಪ್ಪಲಿ ಮೆಟ್ಟಿಕೊಂಡು ಬುಟ್ಟಿಯ ಒಂದು ಕಡೆ ಹಿಡಿದಳು.

"ನಡಿ. ಒಬ್ಳೇ ಹೋದ್ರೆ ಜನ ಬೈತಾರೆ. ನಾನು ಇನ್ನೂ ಬೈದಿಲ್ಲ, ಅದು ಜ್ಞಾಪಕ ಇರ್ಲಿ."