ವಾಪಸ್ ತಿರುಗಿಸದ ಗುಂಡಿ

ನವೆಂಬರ್ ಬಂತೆಂದರೆ ಆಲ್ಪ್ಸ್ ಬೆಟ್ಟಗಳ ನಮ್ಮ ಟಿರೋಲ್ ಕಣಿವೆಯ ಗಂಡಸರಿಗೆ ಸ್ಕೀ ಹುಚ್ಚು ಹಿಡಿಯುತ್ತದೆ. ಬಿಸಿಲು ಬೀಳುವ ಮಗ್ಗುಲಲ್ಲಿ ಇನ್ನೂ ಹುಲ್ಲು. ಸ್ಕೀ ಜಾರುವಷ್ಟು ಹಿಮವಿರುವುದು ನೆರಳಿನ ಇಳಿಜಾರಿನಲ್ಲಿ ಮಾತ್ರ. ಅಲ್ಲೇ ಅಕ್ಟೋಬರಿನ ಹಳೆಯ ಹಿಮ ಸಕ್ಕರೆ ಹರಳಿನ ಹಾಗೆ ಒಂದಕ್ಕೊಂದು ಅಂಟದೆ ಅಡಿಯಲ್ಲಿ ಕೂತಿರುತ್ತದೆ. ಮೇಲೆ ಹೊಸ ಹಿಮ ಬಿದ್ದಾಗ ಹೆಜ್ಜೆಯಿಟ್ಟರೆ ಎಲ್ಲ ಒಟ್ಟಿಗೆ ಜಾರಿತು ಎಂದೇ ಲೆಕ್ಕ. ನನ್ನ ಅಣ್ಣ ಕಾಸಿಯಾನ್‌ಗೆ ಇದು ಗೊತ್ತಿರಲಿಲ್ಲವೇ? ಊರಿಗೆಲ್ಲ ಪಾಠ ಹೇಳುವ ಬೆಟ್ಟದ ಮಾರ್ಗದರ್ಶಿ ಅವನು!

ಇಳಿಯುವ ಮುನ್ನ ಶಿಖರದಲ್ಲಿ ಪೀಪ್ಸರ್ ಪರೀಕ್ಷೆ ಮಾಡುವುದು ನಮ್ಮ ಮನೆಯ ಪದ್ಧತಿ. ಎದೆಗೆ ಕಟ್ಟಿಕೊಂಡ ಆ ಯಂತ್ರ ಸದಾ ಸಂಕೇತ ಕಳಿಸುತ್ತಿರುತ್ತದೆ. ಒಬ್ಬರು ಹಿಮದಡಿ ಸಿಕ್ಕಿಬಿದ್ದರೆ, ಇನ್ನೊಬ್ಬರು ತಮ್ಮದರ ಗುಂಡಿಯನ್ನು ‘ಹುಡುಕು’ ಕಡೆಗೆ ತಿರುಗಿಸಿ ಆ ಸಂಕೇತವನ್ನು ಹಿಡಿಯಬೇಕು. ಹುಡುಕುವ ಯಂತ್ರ ತಾನು ಸಂಕೇತ ಕಳಿಸುವುದಿಲ್ಲ, ಹತ್ತಿರದ ಸಂಕೇತ ಸಿಕ್ಕರೆ ಕೀಚಿಡುತ್ತದೆ, ಅಷ್ಟೆ. ಆ ದಿನವೂ ಅಣ್ಣ ತನ್ನದನ್ನು ‘ಹುಡುಕು’ಗೆ ತಿರುಗಿಸಿ ನನ್ನೆದುರು ಹಿಡಿದ. ಕೀಚ್ ಕೀಚ್ ಎಂದಿತು.

“ನಿಂದು ಸರಿಯಾಗಿದೆ, ಬುರ್ಗಿ.”

“ನಿಂದು? ಕೊಡಿಲ್ಲಿ, ನಾನೂ ನೋಡ್ತೀನಿ.”

“ನಂದನ್ನ ನೀನು ನೋಡೋದಾ! ನಿಂಗೆ ಸ್ಕೀ ಮೇಲೆ ನಿಲ್ಲೋದು ಕಲಿಸಿದ್ದೇ ನಾನು ಕಣೇ. ನಡಿ ನಡಿ, ಅಮ್ಮ ಚೀಸ್ ಉಂಡೆ ಸಾರು ಮಾಡಿಟ್ಟಿರ್ತಾಳೆ.”

ಯಂತ್ರವನ್ನು ಜಾಕೆಟ್ಟಿನೊಳಗೆ ತುರುಕಿ ಜಿಪ್ ಎಳೆದ. ಗಾಳಿ ಬೊಬ್ಬಿಡುತ್ತಿತ್ತು. ಅದು ಒಳಗೆ ಇನ್ನೂ ಕೀಚಿಡುತ್ತಿದ್ದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಅವನು ಮೊದಲು ಇಳಿದ. ಮೂರನೇ ತಿರುವಿನಲ್ಲಿ ಹಿಮದೊಳಗೆ ಧುಪ್ ಎಂದಿತು. ಇಡೀ ಇಳಿಜಾರು ಬಿರಿದು ಅವನನ್ನು ಹೊತ್ತುಕೊಂಡು ಹೋಯಿತು.

ಹೇಗೆ ಕೆಳಗಿಳಿದೆನೋ ಗೊತ್ತಿಲ್ಲ. ರಕ್ಷಣಾ ತಂಡಕ್ಕೆ ಫೋನ್ ಮಾಡಿದೆ, ಕಣಿವೆಯಲ್ಲಿ ಮಂಜು, ಹೆಲಿಕಾಪ್ಟರ್ ತಡ ಎಂದರು. ನನ್ನ ಯಂತ್ರವನ್ನು ‘ಹುಡುಕು’ಗೆ ತಿರುಗಿಸಿ ಹಿಮದ ರಾಶಿಯ ಮೇಲೆ ಅತ್ತಿಂದಿತ್ತ ಓಡಿದೆ. ಸದ್ದೇ ಇಲ್ಲ. ಮತ್ತೆ ಮೇಲಿಂದ ಕೆಳಗೆ. ಇಲ್ಲ. ಆಗ ಹೊಳೆಯಿತು.

“ಕತ್ತೆ! ವಾಪಸ್ ತಿರುಗಿಸ್ಲೇ ಇಲ್ವಲ್ಲೋ! ಊರಿಗೆಲ್ಲ ಬುದ್ಧಿ ಹೇಳ್ತೀಯ!”

ಬೈಯುತ್ತಲೇ ಬೆನ್ನಚೀಲದಿಂದ ಹಿಮದಾಳ ತಡಕುವ ಉದ್ದದ ಸಲಾಕೆ ತೆಗೆದು ಸಿಕ್ಕ ಸಿಕ್ಕಲ್ಲಿ ಚುಚ್ಚಿದೆ. ಹೊಲದಷ್ಟು ಅಗಲದ ರಾಶಿ, ನಾನೊಬ್ಬಳು. ಅಳು ಬಂತು. ಅಳುತ್ತಿರುವಾಗಲೇ ಇನ್ನೊಂದು ಹೊಳೆಯಿತು. ಅವನದು ಹುಡುಕುತ್ತಿದೆ. ನನ್ನದು ಕಳಿಸಿದರೆ ಅವನದು ಕೂಗುತ್ತದೆ!

ಗುಂಡಿ ತಿರುಗಿಸಿದೆ. ಸಲಾಕೆ ಚುಚ್ಚಿದ ತೂತುಗಳಿಗೆಲ್ಲ ಒಂದೊಂದಾಗಿ ಕಿವಿಯಿಟ್ಟೆ. ಮುರಿದ ಲಾರ್ಚ್ ಮರದ ಬುಡದ ತೂತಿನಲ್ಲಿ, ಆಳದಿಂದ, ಕೀಚ್... ಕೀಚ್...

“ಬಂದೆ ಅಣ್ಣ, ಬಂದೆ! ಉಸಿರು ಹಿಡ್ಕೋ!”

ಸಲಿಕೆಯಿಂದ ಅಗೆದೆ, ಆಮೇಲೆ ಕೈಯಿಂದ. ಮೊದಲು ಸಿಕ್ಕಿದ್ದು ಭುಜ, ಆಮೇಲೆ ಮುಖ. ಬಾಯಿಂದ ಹಿಮ ತೆಗೆದು ಉಸಿರು ಊದಿದೆ, ಎದೆ ಒತ್ತಿದೆ. ಒತ್ತಿದಾಗಲೆಲ್ಲ ಅಂಗೈಯಡಿ ಆ ಯಂತ್ರ ಬಿಡದೆ ಕೀಚಿಡುತ್ತಿತ್ತು. ನಾನು ಹುಡುಕುತ್ತ ಕಳೆದ ಹೊತ್ತಿನಲ್ಲೇ ಅವನ ಉಸಿರು ಮುಗಿದಿತ್ತು ಎಂದು ಒಳಗೊಳಗೇ ಗೊತ್ತಿತ್ತು. ಆದರೂ ಕೈ ನಿಲ್ಲಿಸಲಿಲ್ಲ.

ಮಂಜು ಸರಿದು ರಕ್ಷಣಾ ತಂಡ ಬಂತು. ತಂಡದ ಹಿರಿಯ ಹಿಯಾಸ್ ಮಾವ ಅಣ್ಣನ ಕುತ್ತಿಗೆ ಮುಟ್ಟಿ ನೋಡಿದ. ನನ್ನ ಕೈಗಳನ್ನು ಮೆಲ್ಲನೆ ಬಿಡಿಸಿದ.

“ಸಾಕು ಕಣಮ್ಮ, ಬುರ್ಗಿ. ಆ ಕೀಚಿಡೋದನ್ನ ಆರಿಸ್ಲಾ?”

“ಬೇಡ ಮಾವ,” ಎಂದೆ. “ನಾನು ಹತ್ರ ಬಂದಿದೀನಿ ಅಂತ ಅವನಿಗೆ ಕೇಳಿಸ್ತಿರ್ಲಿ.”